ಸುನಿಲ್ ಜೋಶಿಗೆ ನಮ್ಮ ಕನಿಕರ ಬೇಕಿಲ್ಲ

ಹುಬ್ಬಳ್ಳಿ-ಧಾರವಾಡದಲ್ಲಿ ಕ್ರಿಕೆಟ್ ಬಲ್ಲ ನಾಲ್ಕು ಜನ ಸೇರಿದಾಗ ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಅವರ ಹೆಸರು ಬಂತೆಂದರೆ, ಮುಂದೆ ಯಾರು ಏನು ಹೇಳುತ್ತಾರೆಂದು ಮೊದಲೇ ಬರೆದಿಡಬಹುದು. ‘ಕುಂಬ್ಳೆ ಇರ್ಲಿಲ್ಲ ಅಂದ್ರ ಅಂವ ಎಲ್ಲೋ ಹೋಗಿಬಿಡ್ತಿದ್ದ ನೋಡ್ರಿ’ ಎಂದು ಒಬ್ಬರು ಶುರು ಮಾಡುತ್ತಾರೆ. ಇನ್ನೊಬ್ಬರು ನೈರೋಬಿಯ ಆರು ರನ್, ಐದು ವಿಕೆಟ್ ನೆನಪಿಸುತ್ತಾರೆ. ಕೊನೆಗೆ ‘ನಮ್ಮ ಕಡಿ ಹುಡುಗ್ರಂದ್ರ ಬೆಂಗಳೂರಿನವ್ರಿಗೆ ಅಷ್ಟಕ್ಕಷ್ಟ’ ಎಂಬ ಹಳೆಯ ನೋವು ಹೊರಬೀಳುತ್ತದೆ. ಮೂರೂ ಸೇರಿದರೆ ಒಂದು ತೀರ್ಪು ತಯಾರು: ಪಾಪ, ದುರದೃಷ್ಟವಂತ. ಇನ್ನು ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಇಷ್ಟೂ ಗೊತ್ತಿರುವುದಿಲ್ಲ. ಗದಗಿನ ಜೋಶಿ ಎಂದರೆ ಅವರಿಗೆ ಗಾಯಕ ಭೀಮಸೇನ ಜೋಶಿ. ಅದೂ ಮನೆಯಲ್ಲಿ ಹಿರಿಯರಿದ್ದರೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕುಂಬ್ಳೆಯ ಮಾತು ದಾಖಲೆಗೆ ವಿರುದ್ಧ. ನೈರೋಬಿಯ ಮಾತು ನಿಜ, ಆದರೆ ಅದು ಜೋಶಿಯವರನ್ನು ಚಿಕ್ಕದು ಮಾಡುತ್ತದೆ. ಬೆಂಗಳೂರಿನ ಮೇಲಿನ ದೂರಿನಲ್ಲಿ ಹುರುಳಿದೆ, ಆದರೆ ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಕುಂಬ್ಳೆಯಿಂದಲೇ ಶುರು ಮಾಡೋಣ. ಜೋಶಿ ಮೊದಲ ಟೆಸ್ಟ್ ಆಡಿದ್ದು ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ, 1996ರ ಜೂನ್ 6ರಂದು. ಅಂದೇ ಅವರ ಹುಟ್ಟುಹಬ್ಬ; ಇಪ್ಪತ್ತಾರು ತುಂಬಿತ್ತು. ಆ ಹನ್ನೊಂದರಲ್ಲಿ ಕರ್ನಾಟಕದ ನಾಲ್ವರಿದ್ದರು: ಶ್ರೀನಾಥ್, ವೆಂಕಟೇಶ್ ಪ್ರಸಾದ್, ಕುಂಬ್ಳೆ, ಜೋಶಿ. ಕುಂಬ್ಳೆ ಇದ್ದೂ ಜೋಶಿ ಇದ್ದರು ಎಂಬುದನ್ನು ಗಮನಿಸಬೇಕು. ಬೆರಳಿಗೆ ಪೆಟ್ಟಾಗಿ ಆ ಪಂದ್ಯದಲ್ಲಿ ಅವರಿಗೆ ಒಂದು ಎಸೆತ ಹಾಕಲೂ ಆಗಲಿಲ್ಲ. ಅದು ಬೇರೆ ಕಥೆ. ಅದೇ ವರ್ಷ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಇಬ್ಬರೂ ಒಟ್ಟಿಗೆ ಆಡಿದರು. 1999ರ ಜನವರಿಯಲ್ಲಿ ಪಾಕಿಸ್ತಾನದ ಎದುರು ಚೆನ್ನೈನಲ್ಲಿ, ತೆಂಡೂಲ್ಕರ್ 136 ಹೊಡೆದೂ ಭಾರತ 12 ರನ್ನಿನಿಂದ ಸೋತ ಟೆಸ್ಟಿನಲ್ಲಿ, ಆಗಲೂ ಇಬ್ಬರೂ ಇದ್ದರು. ಮುಂದಿನ ದೆಹಲಿ ಟೆಸ್ಟಿಗೆ ಜೋಶಿ ಹೊರಗೆ. ಅವರ ಜಾಗಕ್ಕೆ ಬಂದವರು ಹರಭಜನ್ ಸಿಂಗ್. ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ಪಡೆದ ಟೆಸ್ಟ್ ಅದೇ.

ಅಂದರೆ ಕುಂಬ್ಳೆಯ ಕುರ್ಚಿ ಜೋಶಿಯವರದಲ್ಲ, ಎಂದೂ ಆಗಿರಲೂ ಇಲ್ಲ. ಒಬ್ಬರು ಬಲಗೈ ಲೆಗ್‌ಸ್ಪಿನ್ನರ್, ಇನ್ನೊಬ್ಬರು ಎಡಗೈ ಸ್ಪಿನ್ನರ್. ಭಾರತದ ನೆಲದಲ್ಲಿ ಆಡುವಾಗ ತಂಡಕ್ಕೆ ಇಬ್ಬರು, ಕೆಲವೊಮ್ಮೆ ಮೂವರು ಸ್ಪಿನ್ನರುಗಳು ಬೇಕು. ಕುಂಬ್ಳೆ ಕಾಯಂ; ಅವರ ಪಕ್ಕದ ಜಾಗ ಮಾತ್ರ ಯಾರಿಗೂ ಕಾಯಂ ಅಲ್ಲ. ವೆಂಕಟಪತಿ ರಾಜು, ರಾಜೇಶ್ ಚೌಹಾನ್, ಹಿರ್ವಾನಿ, ನೀಲೇಶ್ ಕುಲಕರ್ಣಿ, ಹರಭಜನ್, ಮುರಳಿ ಕಾರ್ತಿಕ್ ಎಲ್ಲರೂ ಅಲ್ಲಿ ಒಂದಷ್ಟು ದಿನ ಕೂತು ಎದ್ದರು. ಜೋಶಿಯವರ ಪೈಪೋಟಿ ಈ ಗುಂಪಿನ ಜೊತೆಗೆ.

ನಂಬಿಕೆ ಬಾರದಿದ್ದರೆ 2000ದ ಚಳಿಗಾಲವನ್ನು ಬಿಡಿಸಿ ನೋಡಿ. ಭುಜದ ತೊಂದರೆಯಿಂದ ಕುಂಬ್ಳೆ ಆಟದಿಂದಲೇ ದೂರ. ನಮ್ಮವರ ವಾದದ ಪ್ರಕಾರ ಜೋಶಿಯವರಿಗೆ ದಾರಿ ತೆರೆಯಬೇಕಾದ ಹೊತ್ತು ಅದು, ಮತ್ತು ತೆರೆಯಿತು ಕೂಡ. ನವೆಂಬರ್ 10ರಂದು ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ಶುರುವಾಯಿತು. ಸೌರವ್ ಗಂಗೂಲಿ ನಾಯಕರಾಗಿ ಆಡಿದ ಮೊದಲ ಟೆಸ್ಟ್ ಕೂಡ ಅದೇ. ಹೊಸ ತಂಡ ಎಂದು ಹಗುರವಾಗಿ ನೋಡಿದವರಿಗೆ ಬಾಂಗ್ಲಾದೇಶ ಮೊದಲ ಇನಿಂಗ್ಸಿನಲ್ಲೇ 400 ರನ್ ತೋರಿಸಿತು. ಅಮಿನುಲ್ ಇಸ್ಲಾಮ್ 145. ಅದರಲ್ಲಿ ಜೋಶಿಗೆ 142 ರನ್ನಿಗೆ 5 ವಿಕೆಟ್. ಆಮೇಲೆ ಭಾರತದ ಆರು ವಿಕೆಟ್ ಬಿದ್ದು ಮುನ್ನಡೆಯೇ ಅನುಮಾನವಾದಾಗ, ಬ್ಯಾಟು ಹಿಡಿದು ಬಂದ ಜೋಶಿ ನಾಯಕನ ಜೊತೆ ನೂರಕ್ಕೂ ಮಿಕ್ಕಿ ರನ್ ಸೇರಿಸಿ 92ಕ್ಕೆ ಔಟಾದರು. ತಂಡದಲ್ಲಿ ಯಾರದೂ ಅದಕ್ಕಿಂತ ಹೆಚ್ಚಿಲ್ಲ. ಭಾರತ 429. ಎರಡನೆಯ ಇನಿಂಗ್ಸಿನಲ್ಲಿ ಬಾಂಗ್ಲಾದೇಶ 91ಕ್ಕೆ ಮುಗಿಯಿತು. ಜೋಶಿಗೆ ಮತ್ತೆ ಮೂರು. ಪಂದ್ಯಶ್ರೇಷ್ಠ ಪ್ರಶಸ್ತಿಯೂ ಅವರಿಗೇ.

ಆಮೇಲೆ ಬಂದದ್ದು ಜಿಂಬಾಬ್ವೆ, ಎರಡು ಟೆಸ್ಟ್. ಆ ಸರಣಿಯ ನೆನಪೆಂದರೆ ಒಬ್ಬನೇ ಆಟಗಾರ, ಆಂಡಿ ಫ್ಲವರ್. ದೆಹಲಿಯಲ್ಲಿ ಔಟಾಗದೆ 183, ನಾಗಪುರದಲ್ಲಿ ಔಟಾಗದೆ 232. ಸತ್ತ ಪಿಚ್ಚು, ಎದುರಿಗೆ ಎಡಗೈ ಬ್ಯಾಟ್ಸ್‌ಮನ್. ಎಡಗೈ ಸ್ಪಿನ್ನರನ ಚೆಂಡು ಅವನ ಬ್ಯಾಟಿನಿಂದ ಆಚೆ ಹೋಗುವ ಬದಲು ಒಳಕ್ಕೇ ತಿರುಗುತ್ತದೆ. ಅಂಥ ಆಟಗಾರ ಸ್ವೀಪು, ರಿವರ್ಸ್ ಸ್ವೀಪು ಎಂದು ಎರಡೂ ಕಡೆ ಬೀಸತೊಡಗಿದರೆ ಫೀಲ್ಡರುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ನಾಯಕನಿಗೂ ತೋಚುವುದಿಲ್ಲ. ಭಾರತ ಆ ಸರಣಿಯನ್ನು 1-0ಯಿಂದ ಗೆದ್ದಿತು ಎಂಬುದು ಈಗ ಎಷ್ಟೋ ಜನರಿಗೆ ನೆನಪಿಲ್ಲ. ನಾಗಪುರದ ಟೆಸ್ಟ್ ಶುರುವಾದದ್ದು ನವೆಂಬರ್ 25ಕ್ಕೆ. ಅದೇ ಜೋಶಿಯವರ ಹದಿನೈದನೆಯ ಮತ್ತು ಕೊನೆಯ ಟೆಸ್ಟ್. ಪಂದ್ಯಶ್ರೇಷ್ಠನಾದ ತಿಂಗಳಲ್ಲೇ ಟೆಸ್ಟ್ ಬದುಕು ಮುಗಿಯಿತು.

ಇಲ್ಲಿಯವರೆಗಿನದನ್ನು ಹೇಗೋ ಸಮರ್ಥಿಸಬಹುದು. ಮುಂದಿನದನ್ನು ನೋಡಿ. 2001ರ ಫೆಬ್ರುವರಿ ಕೊನೆಗೆ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ಬಂತು. ಕುಂಬ್ಳೆ ಇನ್ನೂ ಇಲ್ಲ. ಹರಭಜನ್ ಸರಣಿಯಲ್ಲಿ 32 ವಿಕೆಟ್ ಕಿತ್ತದ್ದು ಎಲ್ಲರಿಗೂ ಗೊತ್ತು. ಅವರ ಜೊತೆಗಾರರು ಯಾರು? ಮುಂಬೈನಲ್ಲಿ ರಾಹುಲ್ ಸಾಂಘ್ವಿ. ಕೋಲ್ಕತ್ತದಲ್ಲಿ ವೆಂಕಟಪತಿ ರಾಜು. ಚೆನ್ನೈನಲ್ಲಿ ನೀಲೇಶ್ ಕುಲಕರ್ಣಿ, ಜೊತೆಗೆ ಲೆಗ್‌ಸ್ಪಿನ್ನರ್ ಸಾಯಿರಾಜ್ ಬಹುತುಳೆ. ಸಾಂಘ್ವಿ, ರಾಜು, ಕುಲಕರ್ಣಿ ಮೂವರೂ ಎಡಗೈ ಸ್ಪಿನ್ನರುಗಳು. ಮೂರು ಟೆಸ್ಟಿಗೆ ಮೂರು ಜನ! ಚೆನ್ನೈನ ಒಂದೇ ಇನಿಂಗ್ಸಿನಲ್ಲಿ ಹರಭಜನ್ 8 ವಿಕೆಟ್ ಪಡೆದರು; ಈ ಮೂವರಿಗೆ ಇಡೀ ಸರಣಿಯಲ್ಲಿ ಸೇರಿಯೂ ಅಷ್ಟು ಸಿಗಲಿಲ್ಲ. ತಂಡಕ್ಕೆ ಬೇಕಿದ್ದದ್ದು ಎಡಗೈ ಸ್ಪಿನ್ನರೇ, ಕುಂಬ್ಳೆ ತಂಡದಲ್ಲಿಲ್ಲ, ನಾಲ್ಕು ತಿಂಗಳ ಹಿಂದೆ ಅದೇ ನಾಯಕನ ಕೈಕೆಳಗೆ ಟೆಸ್ಟ್ ಗೆಲ್ಲಿಸಿಕೊಟ್ಟ ಎಡಗೈ ಸ್ಪಿನ್ನರ್ ಒಬ್ಬರಿದ್ದಾರೆ. ಅವರನ್ನು ಬಿಟ್ಟು ಉಳಿದವರನ್ನೆಲ್ಲ ಕರೆದರು. ಇದಕ್ಕೂ ಕುಂಬ್ಳೆಗೂ ಏನು ಸಂಬಂಧ? ನೆರಳು ಬೀಳಬೇಕಾದರೆ ಮನುಷ್ಯ ಅಲ್ಲಿರಬೇಕಲ್ಲ.

ಇನ್ನೊಂದು ಸಂಗತಿ ಈ ಒಗಟನ್ನು ಅರ್ಧ ಬಿಡಿಸುತ್ತದೆ. ಟೆಸ್ಟ್ ಸರಣಿ ಮುಗಿದ ಕೂಡಲೇ, ಅದೇ ಮಾರ್ಚ್ ಕೊನೆಯಲ್ಲಿ, ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯಗಳಿಗೆ ಜೋಶಿ ಬೇಕಾದರು. ಆಯ್ಕೆಗಾರರು ಅವರನ್ನು ಮರೆತಿರಲಿಲ್ಲ. ಯಾವ ಕೆಲಸದವರು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದರು. ನನ್ನ ಪ್ರಕಾರ ಜೋಶಿಯವರ ಅಂತರರಾಷ್ಟ್ರೀಯ ಬದುಕನ್ನು ತಡೆದದ್ದು ಈ ನಿಶ್ಚಯ. ಅದರ ಬೇರು 1995-96ರ ರಣಜಿಯಲ್ಲಿದೆ. ಆ ಋತುವಿನಲ್ಲಿ ಅವರು 52 ವಿಕೆಟ್ ಪಡೆದು 529 ರನ್ ಕೂಡ ಹೊಡೆದರು. ಕರ್ನಾಟಕ ರಣಜಿ ಗೆದ್ದಿತು, ಜೋಶಿಗೆ ಇಂಗ್ಲೆಂಡ್ ಪ್ರವಾಸದ ಕರೆ ಬಂತು. ಒಂದೇ ಋತುವಿನಲ್ಲಿ ಐವತ್ತು ವಿಕೆಟ್ಟೂ ಐನೂರು ರನ್ನೂ ಎಂದರೆ ಆಯ್ಕೆ ಸಮಿತಿಯವರ ಬಾಯಲ್ಲಿ ಮೊದಲು ಬರುವ ಶಬ್ದ ‘ಆಲ್‌ರೌಂಡರ್’. ನಮ್ಮಲ್ಲಿ ಹೀಗೆ ಕರೆಸಿಕೊಂಡ ಸ್ಪಿನ್ನರನಿಗೆ ಟೆಸ್ಟಿನಲ್ಲಿ ಒಂದು ಕಷ್ಟವಿದೆ: ವಿಕೆಟ್ ಸಿಗದ ದಿನ ಅವನು ಸಾಲದ ಬೌಲರ್, ರನ್ ಬಾರದ ದಿನ ಸಾಲದ ಬ್ಯಾಟ್ಸ್‌ಮನ್. ಏಕದಿನದಲ್ಲಿ ಈ ಕಷ್ಟವಿಲ್ಲ. ಹತ್ತು ಓವರ್ ಬಿಗಿಯಾಗಿ ಎಸೆದು ಕೊನೆಗೆ ಇಪ್ಪತ್ತು ರನ್ ಹೊಡೆದರೆ ಸಾಕು. ಅವರು ಆಡಿದ ಲೆಕ್ಕವೂ ಇದನ್ನೇ ಹೇಳುತ್ತದೆ: ಏಕದಿನ 69, ಟೆಸ್ಟ್ 15.

ಹಾಗೆಂದು ಟೆಸ್ಟ್ ಬೌಲಿಂಗಿನ ಅಂಕಿಗಳನ್ನು ನಾನು ಮುಚ್ಚಿಡುವುದಿಲ್ಲ. 41 ವಿಕೆಟ್, ತಲಾ 35.85 ರನ್. ಒಳ್ಳೆಯ ಸರಾಸರಿ ಅಲ್ಲ. ಅದೇ ಕಾಲದ ವೆಂಕಟಪತಿ ರಾಜು ಸುಮಾರು 30ರ ಸರಾಸರಿಯಲ್ಲಿ 93 ವಿಕೆಟ್ ಪಡೆದರು. ಅಭಿಮಾನಿಗಳು ಹೇಳುವಂತೆ ನೂರು ಟೆಸ್ಟಿನ ಬೌಲರ್ ಅಲ್ಲಿ ಅಡಗಿದ್ದರು ಎಂದು ನನಗನ್ನಿಸುವುದಿಲ್ಲ. ನಾಲ್ಕೂವರೆ ವರ್ಷದಲ್ಲಿ ಹದಿನೈದು ಟೆಸ್ಟನ್ನು ಬಿಡಿಬಿಡಿಯಾಗಿ ಆಡಿಸಿದರೆ ಯಾವ ಸ್ಪಿನ್ನರನ ಲಯವೂ ಕೂಡಿಬರುವುದಿಲ್ಲ ಎಂದು ವಾದಿಸಬಹುದು. ವಾದ ಸರಿ, ಆದರೆ ಅದರಿಂದ ಇಲ್ಲದ ವಿಕೆಟ್ಟುಗಳು ಹುಟ್ಟುವುದಿಲ್ಲ. 2001ರಲ್ಲಿ ಅವರಿಗೆ ಅನ್ಯಾಯವಾಯಿತು ಎನ್ನುವುದು ಬೇರೆ, ಅವರಲ್ಲೊಬ್ಬ ಎಡಗೈ ಸ್ಪಿನ್ನಿನ ದಿಗ್ಗಜ ಬಿಷನ್ ಸಿಂಗ್ ಬೇಡಿ ಇದ್ದರು ಎನ್ನುವುದು ಬೇರೆ.

ಈಗ ನೈರೋಬಿ. 1999ರ ಸೆಪ್ಟೆಂಬರ್ 26, ಜಿಮ್ಖಾನಾ ಮೈದಾನ, ಎದುರಾಳಿ ದಕ್ಷಿಣ ಆಫ್ರಿಕಾ. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಡಿಪ್ಪೆನಾರ್, ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್. ಇವರಲ್ಲಿ ಬಾಲಂಗೋಚಿ ಒಬ್ಬನೂ ಇಲ್ಲ. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್ ಉಳಿಸಿಕೊಂಡು ಗೆದ್ದಿತು. ಅದ್ಭುತ ಸ್ಪೆಲ್, ಅದರಲ್ಲಿ ತಕರಾರಿಲ್ಲ. ಆದರೆ ಏಕದಿನ ಟೂರ್ನಿಯೊಂದರ ಲೀಗ್ ಹಂತದ ಪಂದ್ಯ ಅದು. ಕೆಲವೇ ದಿನಗಳ ಮೇಲೆ ಫೈನಲ್‌ನಲ್ಲಿ ಅದೇ ದಕ್ಷಿಣ ಆಫ್ರಿಕಾ ಭಾರತವನ್ನು ಸೋಲಿಸಿ ಕಪ್ ಒಯ್ದಿತು. ಸರಣಿಶ್ರೇಷ್ಠರಾದದ್ದು ಕರ್ನಾಟಕದ ಇನ್ನೊಬ್ಬರು, ವಿಜಯ್ ಭಾರದ್ವಾಜ್. ಅವರದು ಅದೇ ಮೊದಲ ಸರಣಿ. ಅವರನ್ನು ನೆನೆಯುವವರು ಇನ್ನೂ ಕಡಿಮೆ.

ಆ ಅಂಕಿಗಳು ಬಾಯಿಪಾಠ ಮಾಡಲು ಎಷ್ಟು ಸುಲಭವೋ ಅಷ್ಟೇ ಅಪಾಯಕಾರಿ. ಕ್ರಿಕೆಟ್ ಕ್ವಿಜ್‌ಗೆ ಹೇಳಿ ಮಾಡಿಸಿದ ಪ್ರಶ್ನೆ. ಒಬ್ಬ ಬೌಲರನ ಹತ್ತೊಂಬತ್ತು ಋತುಗಳ ದುಡಿಮೆಯನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿ, ‘ಅವತ್ತೊಂದು ದಿನ ಮಿಂಚಿದ’ ಎನ್ನುವ ಸಾಲಿಗೆ ಸೇರಿಸುತ್ತದೆ. ಜೋಶಿ ಅವತ್ತೊಂದು ದಿನ ಮಿಂಚಿದವರಲ್ಲ. ಮಿಂಚುವುದು ಅವರ ಸ್ವಭಾವವೇ ಅಲ್ಲ.

ಅವರ ಸ್ವಭಾವ ಎಲ್ಲಿ ಕಾಣುತ್ತದೆಂದರೆ ರಣಜಿಯಲ್ಲಿ. 1992-93ರಿಂದ 2010-11ರವರೆಗೆ ಪ್ರಥಮದರ್ಜೆಯ 160 ಪಂದ್ಯ, 615 ವಿಕೆಟ್, 5,129 ರನ್. ಬೌಲಿಂಗ್ ಸರಾಸರಿ ಇಲ್ಲಿ 25ರ ಆಸುಪಾಸು. ರಣಜಿ ಒಂದರಲ್ಲೇ 479 ವಿಕೆಟ್. ಅವರು ಆಟ ನಿಲ್ಲಿಸಿದಾಗ ರಣಜಿಯ ಇತಿಹಾಸದಲ್ಲಿ ಅವರಿಗಿಂತ ಹೆಚ್ಚು ವಿಕೆಟ್ ಪಡೆದವರು ಇಬ್ಬರೇ, ಹರಿಯಾಣದ ರಾಜಿಂದರ್ ಗೋಯಲ್ ಮತ್ತು ತಮಿಳುನಾಡಿನ ವೆಂಕಟರಾಘವನ್. ನಮ್ಮದೇ ಕರ್ನಾಟಕದ ಬಿ.ಎಸ್. ಚಂದ್ರಶೇಖರ್ ರಣಜಿಯಲ್ಲಿ ಪಡೆದದ್ದು 437. ಚಂದ್ರ ಆಡಿದ ಪಂದ್ಯಗಳು ಕಡಿಮೆ, ಅವರ ಕೈಯ ಮಾಯೆಯೇ ಬೇರೆ, ಹೋಲಿಕೆ ಬೇಡ ಎನ್ನುವವರ ಮಾತು ಒಪ್ಪಿದೆ. ಆದರೂ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನಮ್ಮ ಊರುಗಳಲ್ಲಿ ಎಷ್ಟು ಜನ ಮಾತಾಡಿದ್ದಾರೆ?

ಆ 479ರ ಹಿಂದಿನ ಪರಿಸ್ಥಿತಿಯನ್ನೂ ನೋಡಬೇಕು. ತೊಂಬತ್ತರ ದಶಕದಲ್ಲಿ ಭಾರತ ತಂಡವೆಂದರೆ ಅರ್ಧ ಕರ್ನಾಟಕ ಎಂದು ನಾವು ಎದೆಯುಬ್ಬಿಸುತ್ತಿದ್ದೆವು. ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್ ದೇಶಕ್ಕೆ ಆಡುತ್ತಿದ್ದ ದಿನಗಳಲ್ಲಿ ಕರ್ನಾಟಕಕ್ಕೆ ಎಸೆಯುವವರು ಯಾರು? ಒಂದು ತುದಿಯಲ್ಲಿ ದೊಡ್ಡ ಗಣೇಶ್, ಡೇವಿಡ್ ಜಾನ್ಸನ್ ತರದವರು. ಇನ್ನೊಂದು ತುದಿಯಲ್ಲಿ ಜೋಶಿ, ದಿನಕ್ಕೆ ಮೂವತ್ತು ಓವರ್ ಬೇಕಾದರೂ. 1995-96, 1997-98, 1998-99: ನಾಲ್ಕು ಋತುಗಳಲ್ಲಿ ಕರ್ನಾಟಕ ಮೂರು ಸಲ ರಣಜಿ ಗೆದ್ದಿತು. ಆ ಗೆಲುವುಗಳನ್ನು ದ್ರಾವಿಡ್-ಕುಂಬ್ಳೆ ಯುಗ ಎಂದು ಕರೆಯುವುದು ರೂಢಿ. ಅವರು ಊರಲ್ಲಿರದ ವಾರಗಳನ್ನು ಲೆಕ್ಕ ಹಾಕಿದರೆ ಹೆಸರು ಬೇರೆ ಇಡಬೇಕಾದೀತು.

ಎರಡನೆಯ ಸಾಲಿನವರನ್ನು ಬೇರೆ ಕಡೆ ಹೇಗೆ ನೋಡುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ. ಅಮೆರಿಕದವರು ಆಡುವ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನವಿದೆ. ಇಡೀ ಆಟ ಅವನ ಕೈಯಿಂದಲೇ ಹೊರಡುತ್ತದೆ, ಆದ್ದರಿಂದ ಮೈದಾನದಲ್ಲಿ ಒಂದು ಹೊತ್ತಿಗೆ ಒಬ್ಬನಿಗೆ ಮಾತ್ರ ಜಾಗ. ಎರಡನೆಯವನು ಅಂಚಿನಲ್ಲಿ ನಿಂತು ವರ್ಷಗಟ್ಟಲೆ ಸಂಬಳ ಎಣಿಸುತ್ತಾನೆ. ಅರ್ಲ್ ಮಾರಲ್ ಅಂಥವನು. 1972ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡದ ಬಾಬ್ ಗ್ರೀಸಿ ಐದನೆಯ ಪಂದ್ಯದಲ್ಲಿ ಕಾಲು ಮುರಿದುಕೊಂಡಾಗ, 38 ವರ್ಷದ ಮಾರಲ್ ಒಳಗೆ ಬಂದು ಉಳಿದ ಲೀಗ್ ಪಂದ್ಯಗಳನ್ನೆಲ್ಲ ಗೆಲ್ಲಿಸಿದ. ಕೊನೆಗೆ ಗ್ರೀಸಿ ಚೇತರಿಸಿಕೊಂಡು ಬಂದು ಫೈನಲ್ ಆಡಿದ. 17 ಪಂದ್ಯ, 17 ಗೆಲುವು. ಆರಂಭದಿಂದ ಫೈನಲ್‌ವರೆಗೆ ಒಂದೂ ಸೋಲದೆ ಆ ಲೀಗ್ ಗೆದ್ದ ತಂಡ ಇಂದಿಗೂ ಅದೊಂದೇ. ಮಾರಲ್‌ನನ್ನು ಅಲ್ಲಿ ಪಾಪ ಎಂದು ಯಾರೂ ಕರೆಯುವುದಿಲ್ಲ. ಎರಡನೆಯವನಾಗಿರುವುದೂ ಅಲ್ಲಿ ಒಂದು ವೃತ್ತಿ, ಅದಕ್ಕೂ ಮರ್ಯಾದೆಯಿದೆ. ನಮ್ಮಲ್ಲಿ ಮೊದಲ ಸಾಲಿಗೆ ಬರದವರಿಗೆಲ್ಲ ಒಂದೇ ಖಾನೆ: ಅದೃಷ್ಟ ಕೈಕೊಟ್ಟವರು. ಒಂದೂ ಟೆಸ್ಟ್ ಆಡದ ಗೋಯಲ್, ಮುಂಬೈನ ಪದ್ಮಾಕರ ಶಿವಾಲ್ಕರ್ ಅವರ ಬಗ್ಗೆ ಬರುವ ಲೇಖನಗಳೆಲ್ಲ ಬೇಡಿ ಅವರ ಕಾಲದಲ್ಲಿ ಹುಟ್ಟಿದ ತಪ್ಪಿನಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ. ಅವರು ಚೆಂಡನ್ನು ಹೇಗೆ ಎಸೆಯುತ್ತಿದ್ದರು ಎಂದು ಹೇಳುವ ತಾಳ್ಮೆ ಬಹುತೇಕರಿಗಿಲ್ಲ.

ಇನ್ನು ಬೆಂಗಳೂರಿನ ಮೇಲಿನ ದೂರು. ರಾಜ್ಯ ತಂಡ ಜೋಶಿಯವರನ್ನು ಹತ್ತೊಂಬತ್ತು ಋತುಗಳ ಉದ್ದಕ್ಕೂ ಆಡಿಸಿದೆ. ಗದಗಿನವರು ಎಂಬ ಕಾರಣಕ್ಕೆ ತುಳಿದರು ಎನ್ನುವುದಕ್ಕೆ ಈ ದಾಖಲೆ ಒಪ್ಪುವುದಿಲ್ಲ. ಅನ್ಯಾಯ ಆದದ್ದು ಬೇರೆ ಕಡೆ, ಅದೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಯೊಳಗೇ ಇದೆ. ಹುಡುಗ ಜೋಶಿ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ವಾಪಸ್ ಗದಗಿಗೆ ಹೋಗುತ್ತಿದ್ದ ಕಥೆ. ಸುಮಾರು 60 ಕಿಲೋಮೀಟರ್ ಹೋಗುವುದಕ್ಕೆ, ಅಷ್ಟೇ ಬರುವುದಕ್ಕೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಇದನ್ನು ಹೇಳಿ ‘ನೋಡ್ರಪಾ, ಹಿಂಗ ಇರಬೇಕು’ ಎನ್ನುತ್ತಾರೆ. ನನಗೆ ಇದು ದೂರಿನ ಅರ್ಜಿಯ ಹಾಗೆ ಕೇಳಿಸುತ್ತದೆ. ಜಿಲ್ಲಾ ಕೇಂದ್ರವಾಗುವಷ್ಟು ದೊಡ್ಡ ಊರಿನ ಹುಡುಗನಿಗೆ ಒಂದು ನೆಟ್ಸ್‌ಗಾಗಿ ಇಷ್ಟು ದೂರ ಬರಬೇಕಾದ ಪರಿಸ್ಥಿತಿ ಯಾಕಿತ್ತು? 1997ರವರೆಗೆ ಗದಗ ಇದ್ದದ್ದೂ ಧಾರವಾಡ ಜಿಲ್ಲೆಯಲ್ಲೇ. ಅಂದರೆ ಒಂದೇ ಜಿಲ್ಲೆಯೊಳಗಿನ ಅಲೆದಾಟ ಅದು. ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ರಣಜಿ ಪಂದ್ಯಗಳು ನಡೆಯತೊಡಗಿದ್ದು ಅವರು ಆಟ ನಿಲ್ಲಿಸಿದ ಮೇಲೆಯೇ.

ಊರು ಬಿಟ್ಟು ಅಲೆದವರ ಕಥೆ ಗದಗಿಗೆ ಹೊಸದಲ್ಲ. ಇನ್ನೊಬ್ಬ ಜೋಶಿಯೂ ಹುಡುಗನಿದ್ದಾಗ ಮನೆ ಬಿಟ್ಟು ಗ್ವಾಲಿಯರ್‌ವರೆಗೆ ಗುರುವನ್ನು ಹುಡುಕುತ್ತ ಹೋದವರು. ಆದರೆ ಭೀಮಸೇನರಿಗೆ ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಮಗ್ಗುಲಲ್ಲೇ, ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ. ಈ ನಾಡಿನಲ್ಲಿ ಸಂಗೀತಕ್ಕೆ ಮನೆಗಳಿದ್ದವು, ಗುರುಗಳಿದ್ದರು, ಕೂತು ಕೇಳುವವರಿದ್ದರು. ಕ್ರಿಕೆಟ್ಟಿಗೆ ಅಂಥದ್ದನ್ನು ನಾವು ಕಟ್ಟಲಿಲ್ಲ. ಕಟ್ಟದ್ದಕ್ಕೆ ಬೆಂಗಳೂರಿನವರ ಪಾಲು ಎಷ್ಟು, ಇಲ್ಲಿಯ ಮುಖಂಡರು, ಉದ್ಯಮಿಗಳು, ಕಾಲೇಜುಗಳ ಆಡಳಿತ ಮಂಡಳಿಗಳ ಪಾಲು ಎಷ್ಟು ಎಂಬುದನ್ನು ಯಾರೂ ಕೇಳುವುದಿಲ್ಲ. ‘ಬೆಂಗಳೂರಿನವರು’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಎಲ್ಲರಿಗೂ ಅನುಕೂಲ.

ನನ್ನ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದೇ. ಅಷ್ಟು ವಿಕೆಟ್ ಪಡೆದವರಿಗೆ ಭಾರತಕ್ಕೆ ಇನ್ನಷ್ಟು ಆಡಬೇಕೆಂಬ ಆಸೆ ಇರಲಿಲ್ಲವೇ, ಅದು ಈಡೇರದ್ದನ್ನು ಕೊರತೆ ಎನ್ನದೆ ಏನೆನ್ನಬೇಕು ಎಂಬುದು. ಆಸೆ ಇದ್ದೇ ಇರುತ್ತದೆ. ಮೂವತ್ತಕ್ಕೆ ಬಾಗಿಲು ಮುಚ್ಚಿದಾಗ ಯಾವ ಆಟಗಾರನಿಗೆ ನೋವಾಗುವುದಿಲ್ಲ? ಆದರೆ ಬಾಗಿಲು ಮುಚ್ಚಿದ ಮೇಲೂ ಅವರು ಹತ್ತು ಋತು ರಣಜಿ ಆಡಿದರು. ಅದು ವೃತ್ತಿ ಬಲ್ಲವನ ನಿರ್ಧಾರ. ಆ ಹತ್ತು ವರ್ಷಗಳನ್ನು ನಾವು ಉಳಿಕೆ ಎಂದು ಬದಿಗಿಡುತ್ತೇವೆ. ನನಗೆ ಅದೇ ಮುಖ್ಯ ಭಾಗ ಎನಿಸುತ್ತದೆ.

ಆಮೇಲಿನ ಬದುಕೂ ಅದೇ ದಾರಿಯದು. ತರಬೇತುದಾರರಾಗಿ ಅವರು ಹೋದದ್ದು ದೊಡ್ಡ ತಂಡಗಳಿಗಲ್ಲ. 2014ರ ಡಿಸೆಂಬರ್‌ನಲ್ಲಿ ಜಮ್ಮು-ಕಾಶ್ಮೀರ ತಂಡ ಮುಂಬೈಯನ್ನು ಅದರ ಮನೆಯಾದ ವಾಂಖೆಡೆಯಲ್ಲೇ ನಾಲ್ಕು ವಿಕೆಟ್‌ಗಳಿಂದ ಸೋಲಿಸಿತು. ಅದುವರೆಗೆ ನಲವತ್ತು ಸಲ ರಣಜಿ ಗೆದ್ದ ತಂಡದ ವಿರುದ್ಧ, ಆ ವರ್ಷ ಪ್ರವಾಹದಿಂದ ತತ್ತರಿಸಿದ್ದ ನಾಡಿನ ಹುಡುಗರು. ಪರ್ವೇಜ್ ರಸೂಲ್ ನಾಯಕ, ಜೋಶಿ ಕೋಚ್. 2017ರಿಂದ ಎರಡು ವರ್ಷ ಬಾಂಗ್ಲಾದೇಶದ ಸ್ಪಿನ್ನರುಗಳಿಗೆ ಕಲಿಸಿದರು. ತಮ್ಮ ದೇಶದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ ಕಿತ್ತವರನ್ನೇ ಬಾಂಗ್ಲಾದೇಶದವರು ಗುರುವಾಗಿ ಕರೆಸಿಕೊಂಡರು. 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಗೆ ಅಧ್ಯಕ್ಷರಾದರು. ಒಂದು ಕಾಲಕ್ಕೆ ಯಾವ ಮೇಜಿನ ಸುತ್ತ ಅವರ ಹೆಸರು ಜಾರಿಹೋಗಿತ್ತೋ ಅದೇ ಮೇಜು. ಆ ವರ್ಷ ಆಸ್ಟ್ರೇಲಿಯಾಕ್ಕೆ ಹೊರಟ ತಂಡವನ್ನು ಆರಿಸಿದ್ದು ಅವರ ಸಮಿತಿ. ಡಿಸೆಂಬರ್ ಕೊನೆಯ ಹೊತ್ತಿಗೆ ಅಧ್ಯಕ್ಷಗಿರಿ ಬೇರೆಯವರ ಪಾಲಾಯಿತು. 2021ರ ಜನವರಿಯಲ್ಲಿ ಬ್ರಿಸ್ಬೇನಿನ ಗಾಬಾದಲ್ಲಿ ಬುಮ್ರಾ, ಅಶ್ವಿನ್, ಜಡೇಜ, ಶಮಿ ಒಬ್ಬರೂ ಇಲ್ಲದೆ ಸಿರಾಜ್, ಶಾರ್ದೂಲ್, ಸೈನಿ, ನಟರಾಜನ್, ವಾಷಿಂಗ್ಟನ್ ಸುಂದರ್ ಸೇರಿ ಎಸೆದು ಆಸ್ಟ್ರೇಲಿಯಾದ ಇಪ್ಪತ್ತೂ ವಿಕೆಟ್ ತೆಗೆದರು; ಭಾರತ ಗೆದ್ದಿತು. ನಟರಾಜನ್, ಸುಂದರ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಆ ಗೆಲುವಿನ ಬಗ್ಗೆ ಬಂದ ಬರಹಗಳಲ್ಲಿ ಜೋಶಿಯವರ ಹೆಸರು ಎಷ್ಟು ಕಡೆ ಇತ್ತೋ, ಹಳೆಯ ಪತ್ರಿಕೆಗಳಿದ್ದವರು ತೆಗೆದು ನೋಡಲಿ.